ಅಂಕಪಟ್ಟಿಯಲ್ಲಿ ಇಲ್ಲದವರು: ಬೇಸ್‌ಬಾಲ್ ಕುರಿತು ಓದಬೇಕಾದ ಪುಸ್ತಕಗಳು



1960ರ ದಶಕದ ಆರಂಭ. ನ್ಯೂಯಾರ್ಕಿನ ಪ್ರಾಧ್ಯಾಪಕ ಲಾರೆನ್ಸ್ ರಿಟರ್ ಎಂಬುವರು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಲ್ಲಿ ಸ್ಯಾಮ್ ಕ್ರಾಫರ್ಡ್ ಎಂಬ ಹಳೆಯ ಬೇಸ್‌ಬಾಲ್ ಆಟಗಾರರನ್ನು ಹುಡುಕುತ್ತಿದ್ದರು. ವಿಳಾಸ ಸಿಗಲಿಲ್ಲ, ಊರಿನವರಿಗೆ ಹೆಸರೂ ಗೊತ್ತಿರಲಿಲ್ಲ. ಸೋತ ರಿಟರ್, ಕೊಳೆಯಾದ ಬಟ್ಟೆಗಳನ್ನು ಎತ್ತಿಕೊಂಡು, ಹಣ ಹಾಕಿದರೆ ಯಂತ್ರವೇ ಬಟ್ಟೆ ಒಗೆಯುವ ಅಂಗಡಿಗೆ ಹೋಗಿ ಕುಳಿತರು. ಪಕ್ಕದಲ್ಲಿ ಒಬ್ಬ ಮುದುಕರು. ಸುಮ್ಮನೆ ಅವರನ್ನೂ ಕೇಳಿದರು. ನಾನೇ ಆ ಕ್ರಾಫರ್ಡ್ ಎಂದರು ಮುದುಕರು.

ರಿಟರ್ ವೃತ್ತಿಯಿಂದ ಚರಿತ್ರಕಾರರಲ್ಲ. ಅವರದು ಅರ್ಥಶಾಸ್ತ್ರ. ತಂದೆಯ ಸಾವು ಮತ್ತು 1961ರಲ್ಲಿ ಪ್ರಖ್ಯಾತ ಆಟಗಾರ ಟೈ ಕಾಬ್ ಅವರ ಸಾವು, ಇವೆರಡೂ ಅವರನ್ನು ಚುಚ್ಚಿದವು. ಆ ತಲೆಮಾರಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಮಾತನ್ನು ಯಾರು ಉಳಿಸುತ್ತಾರೆ ಎಂದುಕೊಂಡು ಟೇಪ್ ರೆಕಾರ್ಡರ್ ಹಿಡಿದು ಸುಮಾರು 75,000 ಮೈಲಿ ಸುತ್ತಿದರು. 22 ಆಟಗಾರರ ನೆನಪುಗಳು 1966ರಲ್ಲಿ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' ಎಂಬ ಪುಸ್ತಕವಾದವು. ಬಂದ ಗೌರವಧನವನ್ನು ಅವರು ಆ ಆಟಗಾರರೊಂದಿಗೆ ಹಂಚಿಕೊಂಡರು. ನೀವು ಓದುವ ಮೊದಲ ಬೇಸ್‌ಬಾಲ್ ಪುಸ್ತಕ ಇದೇ ಆಗಲಿ ಎಂಬುದು ನನ್ನ ಸಲಹೆ.

ಆಟ ನೋಡದವರಿಗೆ ಎರಡು ಮಾತು. ಕ್ರಿಕೆಟ್ ಬಲ್ಲ ನಿಮಗೆ ಇದು ಕಷ್ಟವಲ್ಲ. ತಂಡಕ್ಕೆ ಒಂಬತ್ತು ಮಂದಿ, ಆಟಕ್ಕೆ ಒಂಬತ್ತು ಸರದಿ. ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾರೆ. ಹೊಡೆದವನು ಚೌಕದ ಮೂಲೆಗಳಲ್ಲಿರುವ ನಾಲ್ಕು ನೆಲೆಗಳನ್ನು ಮುಟ್ಟಿ ಹೊರಟಲ್ಲಿಗೇ ಬಂದರೆ ಒಂದು ರನ್.

ಈ ಆಟ ಎಲ್ಲಿ ಹುಟ್ಟಿತು? 1905ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿಯೇ ಒಂದು ಸಮಿತಿ ಕುಳಿತಿತು. 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬುವರು ಇದನ್ನು ಕಂಡುಹಿಡಿದರೆಂದು ಅದು ತೀರ್ಮಾನಿಸಿತು. ಆಧಾರವೇನು? ಒಬ್ಬ ವೃದ್ಧರು ಬರೆದ ಪತ್ರ! ಆ ವರ್ಷ ಡಬಲ್‌ಡೇ ಸೈನಿಕ ಶಾಲೆಯ ವಿದ್ಯಾರ್ಥಿಯಾಗಿದ್ದರು. ಆದರೂ ಕಥೆ ನಿಂತಿತು. 1939ರಲ್ಲಿ ಅದೇ ಊರಿನಲ್ಲಿ ಆಟದ ಗೌರವ ಭವನವೂ ತೆರೆಯಿತು. ಗ್ರಂಥಪಾಲಕ ರಾಬರ್ಟ್ ಹೆಂಡರ್ಸನ್ 1947ರಲ್ಲಿ, ಡೇವಿಡ್ ಬ್ಲಾಕ್ 2005ರಲ್ಲಿ ತಮ್ಮ ಪುಸ್ತಕಗಳ ಮೂಲಕ ಈ ಕಥೆಯನ್ನು ಬಿಡಿಸಿಟ್ಟರು. 1744ರಷ್ಟು ಹಿಂದೆಯೇ ಇಂಗ್ಲೆಂಡಿನ ಒಂದು ಮಕ್ಕಳ ಪುಸ್ತಕದಲ್ಲಿ ಬೇಸ್‌ಬಾಲ್ ಎಂಬ ಹೆಸರು ಅಚ್ಚಾಗಿದೆ.

ಈಗ ಮತ್ತೆ ರಿಟರ್ ಅವರ ಪುಸ್ತಕಕ್ಕೆ ಬನ್ನಿ. ಅದರಲ್ಲಿರುವ ಆ 22 ಮಂದಿಯಲ್ಲಿ ಒಬ್ಬರೂ ಕಪ್ಪು ವರ್ಣೀಯರಲ್ಲ. ಇದು ಅವರೊಬ್ಬರ ತಪ್ಪಲ್ಲ. 1884ರಲ್ಲಿ ಫ್ಲೀಟ್‌ವುಡ್ ವಾಕರ್ ದೊಡ್ಡ ಲೀಗಿನಲ್ಲಿ ಆಡಿದ್ದರು. ಆಮೇಲೆ ಆ ಬಾಗಿಲು ಮುಚ್ಚಿತು. ನಿಯಮದ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ, ಒಳಒಪ್ಪಂದವೇ ಸಾಕಾಯಿತು. ಹೊರಗುಳಿದವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಬಸ್ಸಿನಲ್ಲಿ ಊರೂರು ತಿರುಗಿ ಆಡುವುದು, ಎಷ್ಟೋ ಕಡೆ ಹೋಟೆಲಿನಲ್ಲಿ ಜಾಗವಿಲ್ಲದೆ ಅದೇ ಬಸ್ಸಿನಲ್ಲಿ ಮಲಗುವುದು, ಹೀಗೆ ನಡೆಯಿತು ಅವರ ಜೀವನ. ಜಾಷ್ ಗಿಬ್ಸನ್ ಎಂಬ ಮಹಾನ್ ಹೊಡೆತಗಾರ 1947ರ ಜನವರಿಯಲ್ಲಿ 35ನೆಯ ವಯಸ್ಸಿಗೆ ತೀರಿಕೊಂಡರು. ಮೂರು ತಿಂಗಳು ಕಳೆದು, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಕಣಕ್ಕಿಳಿದರು. ಆ ಮೂರು ತಿಂಗಳನ್ನು ಸ್ವಲ್ಪ ಯೋಚಿಸಿ.

ಈ ಕಥೆಯನ್ನು ಮೊದಲ ಬಾರಿಗೆ ವಿಸ್ತಾರವಾಗಿ ಹೇಳಿದ ಪುಸ್ತಕ ರಾಬರ್ಟ್ ಪೀಟರ್ಸನ್ ಅವರ 'ಓನ್ಲಿ ದಿ ಬಾಲ್ ವಾಸ್ ವೈಟ್', 1970ರದು. ದೊಡ್ಡ ಪತ್ರಿಕೆಗಳು ಬರೆಯದೆ ಬಿಟ್ಟದ್ದನ್ನು ಅವರು ಕಪ್ಪು ವರ್ಣೀಯರ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಮತ್ತು ಉಳಿದಿದ್ದ ಆಟಗಾರರ ಬಾಯಲ್ಲಿ ಹುಡುಕಿದರು. ಮರುವರ್ಷ ಎಸೆತಗಾರ ಸ್ಯಾಚೆಲ್ ಪೇಜ್ ಗೌರವ ಭವನಕ್ಕೆ ಆಯ್ಕೆಯಾದರು. ಅಲ್ಲಿಯೂ ಮೊದಲು ಅವರಂಥವರಿಗೆ ಪ್ರತ್ಯೇಕ ವಿಭಾಗ ಎಂದೇ ಪ್ರಕಟಿಸಿದ್ದರು! ಜನರು ಪ್ರತಿಭಟಿಸಿದ ಮೇಲೆ ಪೂರ್ಣ ಸ್ಥಾನ ಸಿಕ್ಕಿತು.

ನಮ್ಮಲ್ಲಿಯೂ ಇಂಥದ್ದು ನಡೆದಿದೆ. ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಪುಣೆಯಲ್ಲಿ ಜೊತೆ ಆಟಗಾರರು ಒಳಗೆ ಚಹಾ ಕುಡಿಯುವಾಗ ಇವರಿಗೆ ಹೊರಗೆ ಮಣ್ಣಿನ ಲೋಟ. ಹಿಂದೂ ತಂಡದ ನಾಯಕತ್ವ ಅವರಿಗೆ ಬರಲೇ ಇಲ್ಲ. ಅವರ ಕಥೆಯನ್ನು ರಾಮಚಂದ್ರ ಗುಹಾ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಪುಸ್ತಕದಲ್ಲಿ ಬರೆದಿದ್ದಾರೆ. ಪೀಟರ್ಸನ್ ಜೊತೆಗೆ ಇಟ್ಟು ಓದಿ.

ಎಲ್ಲ ಒಳ್ಳೆಯ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಲಿಯಟ್ ಆಸಿನಾಫ್ ಅವರ 'ಏಟ್ ಮೆನ್ ಔಟ್' (1963) 1919ರ ಅಂತಿಮ ಸರಣಿಯನ್ನು ಜೂಜುಕೋರರ ಹಣ ಪಡೆದು ಸೋತರೆಂದು ಆರೋಪ ಹೊತ್ತ ಷಿಕಾಗೋ ತಂಡದ ಎಂಟು ಮಂದಿಯ ಕಥೆ. ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ. ಆದರೆ ತನ್ನ ಬರಹವನ್ನು ಯಾರಾದರೂ ಕದ್ದರೆ ಗೊತ್ತಾಗಲಿ ಎಂದು ಅದರಲ್ಲಿ ಎರಡು ಕಲ್ಪಿತ ಪಾತ್ರಗಳನ್ನು ಸೇರಿಸಿದ್ದಾಗಿ ಲೇಖಕರೇ ಮುಂದೆ ಹೇಳಿಕೊಂಡರು. ಆ ಪಾತ್ರಗಳನ್ನು ನಿಜವೆಂದು ನಂಬಿ ಬರೆದವರೂ ಇದ್ದಾರೆ. ಚರಿತ್ರೆ ಓದುವವರಿಗೆ ಈ ಸಂಗತಿ ಪುಸ್ತಕದಷ್ಟೇ ಉಪಯುಕ್ತ. ಆ ಎಂಟು ಮಂದಿಯನ್ನು 1921ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತ್ತು. ಲೀಗ್ ಮಾತ್ರ ಆಜೀವ ನಿಷೇಧ ಹಾಕಿತು. ಸತ್ತವರ ಮೇಲಿನ ಆ ನಿಷೇಧ ತೆರವಾದದ್ದು 2025ರ ಮೇ ತಿಂಗಳಲ್ಲಿ.

ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್' (1972) ರಾಬಿನ್ಸನ್ ಮತ್ತು ಅವರ ಜೊತೆಗಾರರನ್ನು ನಡುವಯಸ್ಸಿನಲ್ಲಿ ಅವರವರ ಮನೆಯಲ್ಲೇ ಹೋಗಿ ಕಂಡದ್ದು. ಸ್ವಲ್ಪ ಭಾವುಕ, ಆದರೂ ಓದಿ. ಲೆಕ್ಕ ಇಷ್ಟಪಡುವವರು ಮೈಕೆಲ್ ಲೂಯಿಸ್ ಅವರ 'ಮನಿಬಾಲ್' (2003) ಹಿಡಿಯಬಹುದು.

ಪೀಟರ್ಸನ್ ಆರಂಭಿಸಿದ ಹುಡುಕಾಟವನ್ನು ಅನೇಕರು ಮುಂದುವರಿಸಿದರು. 2020ರ ಡಿಸೆಂಬರಿನಲ್ಲಿ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳಿಗೆ ಪ್ರಮುಖ ಲೀಗಿನ ಮಾನ್ಯತೆ ದೊರೆಯಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಜೀವಮಾನದ ಹೊಡೆತದ ಸರಾಸರಿಯಲ್ಲಿ 0.372 ಪಡೆದ ಗಿಬ್ಸನ್, 0.367ರ ಟೈ ಕಾಬ್ ಅವರನ್ನು ದಾಟಿ ಮೊದಲಿಗರಾದರು. ಆಗ ಸೇರಿದ್ದು ಸುಮಾರು ಮುಕ್ಕಾಲು ಪಾಲು ಪಂದ್ಯಗಳ ಲೆಕ್ಕ ಮಾತ್ರ. ಉಳಿದ ಪಂದ್ಯಗಳಿಗಾಗಿ ಸಂಶೋಧಕರು ಹಳೆಯ ಪತ್ರಿಕೆಗಳ ಪುಟಗಳನ್ನು ತಿರುವುತ್ತಲೇ ಇದ್ದಾರೆ.