ಶಿರೂರಿನ ಗುಡ್ಡ ಮತ್ತು ಎರಡು ಭಾಷೆಯ ಸುದ್ದಿ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು ಗಂಗಾವಳಿ ನದಿಯ ಪಾಲಾದವು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಕಾಣೆಯಾದವರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಲಾರಿ ಚಾಲಕನೊಬ್ಬನೂ ಇದ್ದ.

ನಾನು ಅಂಕೋಲೆಯವನು, ಇರುವುದು ಬೆಂಗಳೂರಿನಲ್ಲಿ. ಆ ವಾರ ಮಲಯಾಳಿ ಸಹೋದ್ಯೋಗಿಯ ಫೋನಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇದ್ದದ್ದು ಆ ಒಬ್ಬ ಚಾಲಕ. ಲಾರಿ ಮಣ್ಣಿನಡಿಯೇ ಇದೆ, ಆತ ಬದುಕಿರಬಹುದು, ಕರ್ನಾಟಕದವರಿಗೆ ಹುಡುಕುವ ಮನಸ್ಸಿಲ್ಲ. ನನ್ನ ಊರಿನ ವಾಟ್ಸಾಪ್ ಗುಂಪಿನಲ್ಲಿ ಬೇರೆಯೇ ಶಿರೂರು. "ಒಂದು ಲಾರಿ ಹುಡುಕೂಕೆ ಇಷ್ಟೆಲ್ಲ ಗಲಾಟೆ, ನಮ್ಮೋರ ಲೆಕ್ಕ ಯಾರಿಗೂ ಬೇಡ" ಎಂದು ಅಣ್ಣ ಧ್ವನಿ ಸಂದೇಶ ಹಾಕಿದ್ದ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿತ್ತು, ಅದೇ ತೊಡಕು. ಪೂರ್ತಿ ಸುಳ್ಳಾಗಿದ್ದರೆ ಬಿಡಿಸಬಹುದಿತ್ತು. ಎಡೆಬಿಡದ ಮಳೆ, ಮತ್ತೆ ಜಾರಬಹುದಾದ ಗುಡ್ಡ, ನದಿಯ ಸೆಳೆತ, ಇವು ಅವನ ಪರದೆಗೆ ಸರಿಯಾಗಿ ತಲುಪಲಿಲ್ಲ. ಮಗನಿಗಾಗಿ ಕಾಯುವ ಮನೆಯೊಂದು ಅಲ್ಲಿದೆ ಎಂಬುದು ಅಣ್ಣನ ಪರದೆಗೆ ತಲುಪಲಿಲ್ಲ.

ಇದಕ್ಕೆಲ್ಲ ಅಲ್ಗಾರಿದಮ್ಮನ್ನು ದೂರುವುದು ಸುಲಭ. ನಾವು ನೋಡಿದ್ದನ್ನೇ ಅದು ಮತ್ತೆ ಬಡಿಸುತ್ತದೆ, ನಿಜ. ಆದರೆ ಗೋಡೆ ಅದಕ್ಕಿಂತ ಹಳೆಯದು, ಅದು ಭಾಷೆಯದು. ನಮ್ಮ ಜಿಲ್ಲೆಗೆ ಇದು ಹೊಸತಲ್ಲ. 1956ರಲ್ಲಿ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿದ ಕಾರವಾರವನ್ನು ಹಳಿಯಾಳ, ಸೂಪಾಗಳೊಂದಿಗೆ ಮಹಾರಾಷ್ಟ್ರ ತನ್ನದೆಂದು ಕೇಳಿತು. ಜಗಳದ ಗಂಟು ಕೊಂಕಣಿಯಲ್ಲಿತ್ತು. ಅದು ಮರಾಠಿಯ ಉಪಭಾಷೆಯಾದರೆ ಕಾರವಾರ ಅತ್ತ, ಸ್ವತಂತ್ರ ಭಾಷೆಯಾದರೆ ವಾದ ಬೀಳುತ್ತದೆ. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಕರ್ನಾಟಕಕ್ಕೆ ಅದೇ ಅಂತಿಮ, ಮಹಾರಾಷ್ಟ್ರಕ್ಕೆ ಅದು ಅನ್ಯಾಯ. ಸಾಹಿತ್ಯ ಅಕಾಡೆಮಿ 1975ರಲ್ಲಿ ಕೊಂಕಣಿಯನ್ನು ಸ್ವತಂತ್ರ ಭಾಷೆಯೆಂದು ಒಪ್ಪಿದ ಮೇಲೂ ಎರಡು ಕಡೆಯ ಓದುಗರು ಕದಲಲಿಲ್ಲ. ಆಗ ಫೋನೂ ಇರಲಿಲ್ಲ, ಫೀಡೂ ಇರಲಿಲ್ಲ. ವ್ಯತ್ಯಾಸವೆಂದರೆ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೇಕೆಂದರೆ ಮರಾಠಿ ಪತ್ರಿಕೆ ಎನ್ನುವ ಕಾರವಾರದ ಮನುಷ್ಯನಿಗೆ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತಿತ್ತು. ಶಿರೂರಿನ ವಿಷಯದಲ್ಲಿ ಮಲಯಾಳ ಬಲ್ಲವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ಗೋವಾದಿಂದ ಡ್ರೆಜ್ಜರ್ ತಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು, ನದಿಯೊಳಗೆ, ಚಾಲಕನ ಶವದೊಂದಿಗೆ. ಕೇರಳದ ಒತ್ತಡವಿಲ್ಲದಿದ್ದರೆ ಅಷ್ಟು ದಿನ ಹುಡುಕಾಟ ನಡೆಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಅಣ್ಣನಿಗೆ ಹಾಗೆಂದೆ, ಎರಡು ದಿನ ಮಾತು ಬಿಟ್ಟ. ಅಕ್ಟೋಬರಿನಲ್ಲಿ ಮಲಯಾಳಿಗಳೇ ಎರಡಾದರು: ಲಾರಿ ಮಾಲೀಕನ ಪರ ಕೆಲವರು, ಚಾಲಕನ ಮನೆಯವರ ಪರ ಕೆಲವರು. ಅಷ್ಟು ದಿನ ಯಾರಿಗಾಗಿ ಅತ್ತಿದ್ದರೋ ಆ ಮನೆಯವರನ್ನೇ ಜಾಲತಾಣದಲ್ಲಿ ಬೈದರು.

ಲಾರಿ ಸಿಕ್ಕ ದಿನ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು ಸುಮ್ಮನೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮೂರಿನವರೆಲ್ಲ ಸಿಕ್ಕಿದರಾ?" ಎಂದು ಕೇಳಿದ. ಇನ್ನೂ ಇಬ್ಬರು ಸಿಕ್ಕಿಲ್ಲ ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ.