ಎಷ್ಟು ಅಂಜನಾದ್ರಿ ಅವ?

ಹನುಮಪ್ಪ ಹುಟ್ಟಿದ ಗುಡ್ಡ ಯಾವುದು ಅಂತ ನಮ್ಮ ಕಡೆ ಯಾರನ್ನ ಕೇಳಿದ್ರೂ ಆನೆಗುಂದಿ ಕಡೆನೇ ಕೈ ಮಾಡ್ತಾರ. ಗಂಗಾವತಿ ತಾಲೂಕು, ತುಂಗಭದ್ರಾದ ಉತ್ತರ ದಂಡಿ, 575 ಮೆಟ್ಟಿಲು, ತುದಿಗೆ ಬೆಳ್ಳಗ ಕಾಣೋ ಗುಡಿ. ಇದರಾಗ ಕೇಳೋದೇನದ ಅನ್ನೋ ಹಂಗ ಇದ್ವಿ ನಾವು. 2021ರ ರಾಮನವಮಿ ದಿನ ತಿರುಮಲ ತಿರುಪತಿ ದೇವಸ್ಥಾನದವರು, ಏಳು ಬೆಟ್ಟದೊಳಗಿನ ತಮ್ಮ ಅಂಜನಾದ್ರಿನೇ ಹನುಮಂತನ ಜನ್ಮಸ್ಥಳ ಅಂತ ಸಾರಿದ್ರು ನೋಡ್ರಿ, ಮನಿಮನಿಯೊಳಗ ವಾದ ಸುರು ಆತು.

ಎರಡೇ ಅಲ್ಲ ಮತ್ತ. ನಾಸಿಕದಿಂದ ತ್ರ್ಯಂಬಕೇಶ್ವರಕ್ಕ ಹೋಗೋ ದಾರ್ಯಾಗ ಅಂಜನೇರಿ ಅನ್ನೋ ದೊಡ್ಡ ಗುಡ್ಡ ಅದ. ಅಲ್ಲಿ ಹಳೇ ಜೈನ ಗುಡಿಗಳು, ಸೇವುಣರ ಕಾಲದ ಶಾಸನ. ಝಾರ್ಖಂಡದ ಗುಮ್ಲಾ ಜಿಲ್ಲಾದಾಗ ಆಂಜನ ಅಂತನೇ ಊರದ, ಅಲ್ಲಿ ಅಂಜನಾದೇವಿ ಕೂಸು ಹನುಮಪ್ಪನ್ನ ತೊಡಿ ಮ್ಯಾಲೆ ಕೂಡಿಸಿಕೊಂಡಾಳ. 2022ರ ಮೇ ತಿಂಗಳದಾಗ ಇದನ್ನ ಬಗಿಹರಿಸಲಿಕ್ಕೆ ಅಂತ ನಾಸಿಕದಾಗ ಸಾಧುಗಳು ಕೂಡಿದ್ರು. ಜಗಳಾಗಿ ಸಭಾ ಮುರೀತು.

ಪುರಾವೆ ಏನು ಅಂದ್ರ, ಒಬ್ಬೊಬ್ಬರದು ಒಂದೊಂದು ಥರ. ತಿರುಮಲದವರು ಪುರಾಣ ಹಿಡೀತಾರ. ಅದೇ ಬೆಟ್ಟಕ್ಕ ಕೃತಯುಗದಾಗ ವೃಷಭಾದ್ರಿ, ತ್ರೇತಾದಾಗ ಅಂಜನಾದ್ರಿ, ದ್ವಾಪರದಾಗ ಶೇಷಾದ್ರಿ, ಕಲಿಯುಗದಾಗ ವೆಂಕಟಾದ್ರಿ ಅಂತ ಹೆಸರು. ನಮ್ಮ ಆನೆಗುಂದಿಯವರ ಬಲ ಬ್ಯಾರೆ: ಅಕ್ಕಪಕ್ಕದ ಹೆಸರುಗಳು. ಪಂಪಾ ಸರೋವರ, ಋಷ್ಯಮೂಕ, ಮತಂಗ, ಮಾಲ್ಯವಂತ ಎಲ್ಲಾ ಹೊಳಿಯ ಈ ದಂಡಿ ಆ ದಂಡಿಗೆ ಅವ. ಹಂಪಿ ಅನ್ನೋದೂ ಪಂಪಾದಿಂದನೇ ಬಂದದ್ದು, ಪಾಲು ಹಾಲು ಆದಂಗ. ಒಂದು ಗುಡ್ಡಕ್ಕ ಹೆಸರಿಡೋದು ಸಲೀಸು; ಇಡೀ ಕಿಷ್ಕಿಂಧಾಕಾಂಡ ಒಂದೇ ಹೊಳಿದಂಡಿಗೆ ಕೂಡಿಬರೋದು ಸಲೀಸಲ್ಲ. ನನಗ ಈ ವಾದನೇ ಗಟ್ಟಿ ಅನ್ನಸ್ತದ. ಆದ್ರ ಕಿಷ್ಕಿಂಧಾ ಅಂದ್ರ ಹನುಮಪ್ಪ ರಾಮನ್ನ ಕಂಡ ಜಾಗ. ಹುಟ್ಟಿದ್ದೂ ಅಲ್ಲೇ ಅನ್ನಲಿಕ್ಕೆ ಇದು ಸಾಲೂದಿಲ್ಲ.

ಸುಂದರಕಾಂಡದಾಗ ಸೀತಾಗ ತನ್ನ ಹುಟ್ಟು ಹೇಳೋವಾಗ ಹನುಮಪ್ಪ ತಾನೇ ಹೆಸರು ತಗೊಳ್ಳೋದು ಮಾಲ್ಯವಾನ್ ಪರ್ವತದ್ದು. ಕೇಸರಿ ಅಲ್ಲಿಂದ ಗೋಕರ್ಣಕ್ಕ ಹೋದ ಅಂತಾನ. ಅಂಜನಾದ್ರಿ ಅಂತ ಆ ಮಾತಿನಾಗ ಬರೂದಿಲ್ಲ. ಗೋಕರ್ಣದವರೂ ಜನ್ಮಸ್ಥಳ ನಮ್ಮದು ಅಂತ ಎದ್ದು ನಿಂತದ್ದು ಸುಮ್ಮನ ಅಲ್ಲ. ಇನ್ನ ಅಂಜನ ಅಂದ್ರ ಕಾಡಿಗಿ. ಕಾಡಿಗಿಯಂಥ ಕರೀ ಗುಡ್ಡಕ್ಕ ಯಾವ ಊರಾಗ ಬೇಕಾದ್ರೂ ಈ ಹೆಸರು ಹೊಂದ್ತದ.

ಟೀವಿಯವರು ಇದನ್ನ ಕರ್ನಾಟಕ, ಆಂಧ್ರದ ಜಗಳ ಮಾಡಿಟ್ರಲ್ಲ, ಹಿಂದಿನವರಿಗೆ ಹಂಗ ಇದ್ದಂಗ ಕಾಣೂದಿಲ್ಲ. ವಿಜಯನಗರದ ಅರಸರು ಇದ್ದದ್ದು ಹಂಪಿ, ಆನೆಗುಂದಿಯೊಳಗ, ಹರಕಿ ಹೊತ್ತದ್ದು ತಿರುಮಲಪ್ಪಗ. ಕೃಷ್ಣದೇವರಾಯ 1513ರಾಗ ಮೊದಲನೇ ಸಲ ಹೋದಾವ ಒಟ್ಟು ಏಳು ಸಲ ಬೆಟ್ಟಾ ಹತ್ಯಾನ. ತಿರುಮಲದೇವಿ, ಚಿನ್ನಾದೇವಿ ಇಬ್ಬರ ನಡುವ ಕೈಮುಗದು ನಿಂತ ಅವನ ಕಂಚಿನ ಮೂರ್ತಿ ಇವತ್ತೂ ಅಲ್ಲಿ ಅದ.

ವ್ಯಾಸರಾಯರದಂತೂ ಎರಡೂ ಕಡೆ ಋಣ. ಸಾಳುವ ನರಸಿಂಹನ ಕಾಲಕ್ಕ ತಿರುಮಲದಾಗ 12 ವರ್ಷ ಶ್ರೀನಿವಾಸನ ಪೂಜಾ ಮಾಡಿದ್ರು ಅಂತ ಸಂಪ್ರದಾಯ ಹೇಳ್ತದ. ಆಮ್ಯಾಲೆ ಹಂಪಿಗೆ ಬಂದು ಯಂತ್ರೋದ್ಧಾರಕ ಹನುಮಪ್ಪನ್ನ ಸ್ಥಾಪನಾ ಮಾಡಿದ್ರು. ನಾಡಿನ ತುಂಬ 732 ಹನುಮಪ್ಪನ್ನ ಇಟ್ಟಾರ ಅಂತ ನಮ್ಮ ಹಿರೇರು ಲೆಕ್ಕಾ ಹೇಳ್ತಿದ್ರು. 1539ರಾಗ ಅವರು ವೃಂದಾವನಸ್ಥರಾದದ್ದು ಆನೆಗುಂದಿ ಹೊಳ್ಯಾಗಿನ ನಡುಗಡ್ಡಿಯೊಳಗ, ನವವೃಂದಾವನದ ನಟ್ಟನಡುವ.