ಕಪ್ಪು-ಬಸಿಯ ಹಿಂದಿನ ಬಿಳಿ ಅಚ್ಚು

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಮ್ಮರಡಿ ಕಡೆ ಹಳೆಯ ಅಡಿಕೆ ತೋಟದ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಇರ್ತಾವಲ್ಲ, ಅದನ್ನ ನಮ್ಮವರು ಮುಟ್ಟೋ ಹಾಗಿರಲಿಲ್ಲ. ಹೋಟೆಲಿನ ಪಿಂಗಾಣಿ ಕಪ್ಪು-ಬಸಿಯೂ ಅಷ್ಟೇ. ಅಪ್ಪನ ಕಾಲದಲ್ಲಿ ನಮ್ಮವರಿಗೆ ಹಿತ್ತಲ ಕಡೆ ಕರಟದಲ್ಲಿ ಟೀ. ಇದು ನಿಮಗೆಲ್ಲ ಗೊತ್ತಿರೋ ಕತೆ, ಅದನ್ನೇ ಮತ್ತೆ ಹೇಳೋಕೆ ಹೊರಟಿಲ್ಲ. ನನ್ನ ಪ್ರಶ್ನೆ ಬೇರೆ. ನಾವು ಮುಟ್ಟಿದ್ರೆ ಮೈಲಿಗೆ ಆಗ್ತಿದ್ದ ಆ ಕಪ್ಪನ್ನ ಮೊದಲು ಮುಟ್ಟಿ ಮಾಡಿದ್ದು ಯಾರು?

ಮಡಕೆಯಾದರೆ ಉತ್ತರ ಸುಲಭ, ಕುಂಬಾರ. ತಿಗರಿ ಅವನ ಕುಲದ್ದು. ಬಹಳ ಕಡೆ ಅವನ ಮನೆಯ ಹೆಣ್ಣುಮಕ್ಕಳೂ ತಿಗರಿಗೆ ಕೂರುವಂತಿರಲಿಲ್ಲ. ಮಣ್ಣು ತುಳಿಯೋದು, ತಟ್ಟೋದು, ಒಣಗಿಸೋದು ಅವರ ಪಾಲಿಗೆ. ಆದರೆ ಪಿಂಗಾಣಿ ಕಪ್ಪಿನ ಕತೆಯೇ ಬೇರೆ. ಕಾರ್ಖಾನೆಯಲ್ಲಿ ಅದು ಹುಟ್ಟೋದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚಿನಲ್ಲಿ. ಹೌದು, ಗಣಪತಿ ಮಾಡ್ತಾರಲ್ಲ, ಆಮೇಲೆ ಕೆರೆಯಲ್ಲಿ ಕರಗದೆ ಉಳೀತದಲ್ಲ, ಅದೇ ಪಿಒಪಿ.

ಜಿಪ್ಸಂ ಅನ್ನೋ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹುರಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಹೋಗ್ತದೆ. ಉಳಿದ ಬಿಳಿ ಪುಡಿಗೆ ನೀರು ಕಲಸಿ ಮಾದರಿಯ ಮೇಲೆ ಹೊಯ್ದರೆ ಸ್ವಲ್ಪ ಹೊತ್ತಲ್ಲೇ ಬಿಸಿಯಾಗಿ ಗಟ್ಟಿ ಆಗ್ತದೆ. ಮಾದರಿಯ ಮೈಮೇಲೆ ಏನಿದೆಯೋ ಅದೆಲ್ಲ ಅಚ್ಚಿನಲ್ಲಿ ಮೂಡ್ತದೆ. ಅದರ ನಿಜವಾದ ಗುಣ ಇನ್ನೊಂದಿದೆ. ಒಣಗಿದ ಪ್ಲಾಸ್ಟರ್ ತುಂಬಾ ಸಣ್ಣ ಸಣ್ಣ ರಂಧ್ರ, ನೀರು ಕುಡಿಯುವ ಗುಣ. ಅಂಬಲಿಯಷ್ಟು ತೆಳ್ಳಗಿನ ಮಣ್ಣಿನ ಬಗ್ಗಡವನ್ನು ಒಳಗೆ ಸುರಿದರೆ ಅಚ್ಚು ನೀರನ್ನು ಹೀರ್ತದೆ, ಗೋಡೆಗುಂಟ ಮಣ್ಣಿನ ಪದರ ಕಟ್ತದೆ. ಬೇಕಾದಷ್ಟು ದಪ್ಪ ಆದ ಮೇಲೆ ಉಳಿದ ಬಗ್ಗಡವನ್ನು ಬಗ್ಗಿಸಿಬಿಟ್ಟರೆ ಆಯ್ತು. ಮಣ್ಣು ಆರಿ ಸ್ವಲ್ಪ ಕುಗ್ಗಿ ತಾನೇ ಬಿಟ್ಟುಕೊಳ್ತದೆ. ತಟ್ಟೆ, ಬಸಿಗಳಿಗಾದರೆ ತಿರುಗುವ ಅಚ್ಚಿನ ಮೇಲೆ ಮಣ್ಣಿನ ರೊಟ್ಟಿ ಹಾಕಿ ಮೇಲಿಂದ ಅಲಗು ಒತ್ತೋದು. ಕಪ್ಪಿನ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಕೆಲವದರಲ್ಲಿ ಎರಡು ಅಚ್ಚು ಸೇರಿದ ಗೆರೆ ಇನ್ನೂ ಕಾಣ್ತದೆ.

ಅಂದ್ರೆ ತಲೆಮಾರುಗಳ ಕೈಚಳಕ ಈಗ ಅಚ್ಚಿನೊಳಗೆ ಕೂತಿದೆ. ಸುರಿಯೋಕೆ, ಒತ್ತೋಕೆ ಕುಲ ಬೇಕಿಲ್ಲ, ಯಾರು ಬೇಕಾದರೂ ಕೆಲವೇ ವಾರದಲ್ಲಿ ಕಲೀಬಹುದು. ಹುಟ್ಟಿನಿಂದ ಕಸುಬು ಅನ್ನೋ ಸುಳ್ಳಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ? ಅಂತ ನನಗೂ ಅನ್ನಿಸ್ತದೆ. ಆದರೆ ಪ್ಲಾಸ್ಟರ್ ಮೊದಲು ಬೇರೂರಿದ ಊರಿನಲ್ಲಿ ಏನಾಯ್ತು ನೋಡಿ.

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಕುಂಬಾರಿಕೆಗೆ ಪ್ಲಾಸ್ಟರ್ ಅಚ್ಚು ಬಂದದ್ದು 1740ರ ದಶಕದಲ್ಲಿ. ಜೋಸಯ್ಯ ವೆಜ್‌ವುಡ್ ಅಲ್ಲಿಯವನೇ. 1787ರಲ್ಲಿ ಗುಲಾಮಗಿರಿಯ ವಿರುದ್ಧ ಪದಕ ಮಾಡಿ ಹಂಚಿದವನು, ಸಂಕೋಲೆ ಹಾಕಿಕೊಂಡು ಮಂಡಿಯೂರಿದ ಕಪ್ಪು ಮನುಷ್ಯನ ಚಿತ್ರದ ಪದಕ. ನಾನು ಆ ಪದಕವನ್ನು ಗೌರವಿಸ್ತೇನೆ. ಅದೇ ಸೀಮೆಯ ಕಾರ್ಖಾನೆಗಳಲ್ಲಿ ಮುಂದೆ 'ಅಚ್ಚು ಹೊತ್ತು ಓಡುವವರು' ಅಂತಲೇ ಒಂದು ಕೆಲಸ ಹುಟ್ಟಿತು. ಹಸಿ ತಟ್ಟೆ ಅಂಟಿಕೊಂಡಿರುವ ಪ್ಲಾಸ್ಟರ್ ಅಚ್ಚನ್ನು ಎತ್ತಿಕೊಂಡು ಧಗೆಯ ಒಣಗುಕೋಣೆಗೆ ಓಡಬೇಕು, ಖಾಲಿ ಅಚ್ಚು ತರಬೇಕು, ಮತ್ತೆ ಓಡಬೇಕು. ಓಡ್ತಿದ್ದವರು ಮಕ್ಕಳು. ಮಾರ್ಕ್ಸ್ 1867ರ 'ಬಂಡವಾಳ'ದಲ್ಲಿ ಸರ್ಕಾರಿ ವರದಿಯಿಂದ ಎತ್ತಿ ಕೊಡುವ ವಿಲಿಯಂ ವುಡ್‌ಗೆ ಆಗ 9 ವರ್ಷ. ಕೆಲಸಕ್ಕೆ ಸೇರಿದಾಗ 7 ವರ್ಷ 10 ತಿಂಗಳು. ಬೆಳಿಗ್ಗೆ 6ರಿಂದ ರಾತ್ರಿ ಸುಮಾರು 9ರವರೆಗೆ, ಲೆಕ್ಕ ಹಾಕಿ, 15 ಗಂಟೆ. ಕುಂಬಾರಿಕೆ ಕಾರ್ಖಾನೆಗಳು ಕಾನೂನಿನ ಕೆಳಗೆ ಬಂದದ್ದು 1864ರಲ್ಲಿ.

ಅಲ್ಲಿ ಜಾತಿ ಇರಲಿಲ್ಲ, ಆದರೂ ಭಾರ ಬಿದ್ದದ್ದು ಕೆಳಗಿನವರ ಮೇಲೆ. ನಮ್ಮಲ್ಲಿ ಜಾತಿಯೂ ಇತ್ತು.

1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರ ಪಿಂಗಾಣಿ ಕಾರ್ಖಾನೆ ಶುರುಮಾಡಿತು. ಮುಂದೆ 1970ರ ದಶಕದಲ್ಲಿ ಅದು ಬಿಎಚ್‌ಇಎಲ್ ಪಾಲಾಯ್ತು. ಅದರ ಮುಖ್ಯ ಸರಕು ಕರೆಂಟು ಕಂಬದ ಇನ್ಸುಲೇಟರ್. ಅಂಥ ಚಿಕ್ಕ ಇನ್ಸುಲೇಟರುಗಳನ್ನು ಪ್ಲಾಸ್ಟರ್ ಅಚ್ಚಿನಲ್ಲಿ ಮಣ್ಣಿಟ್ಟು ಒತ್ತಿ ಮಾಡೋದು ಈ ಉದ್ಯಮದ ಮಾಮೂಲಿ ಪದ್ಧತಿ. ಕಪ್ಪಿಗೂ ಕಂಬಕ್ಕೂ ತಾಯಿ ಒಬ್ಬಳೇ. (ನಮ್ಮ ಕೇರಿಗೆ ಕಂಬ ಬಂದದ್ದು ಎಲ್ಲರ ಮನೆ ಬೆಳಗಿದ ಮೇಲೆ, ಅದೂ ಭಾಗ್ಯಜ್ಯೋತಿಯ ಒಂದೇ ಬಲ್ಬಿಗೆ. ಅದು ಇನ್ನೊಂದು ಪೋಸ್ಟು.)

1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಹೇಳಿದ್ದು ಇಲ್ಲಿಗೆ ನೇರ ಸಲ್ಲುತ್ತದೆ. ಜಾತಿ ಹಂಚೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ. ಪಿಂಗಾಣಿ ಕೆಲಸದೊಳಗೇ ಎಷ್ಟು ಮೆಟ್ಟಿಲು ನೋಡಿ. ಮೂಲ ಮಾದರಿ ಕೆತ್ತುವವನು, ಅದರಿಂದ ಅಚ್ಚು ಹೊಯ್ಯುವವನು, ಬಗ್ಗಡ ಸುರಿಯುವವನು, ಒಣಗಿದ ಪಾತ್ರೆಯ ಅಂಚು ಕೆರೆದು ಒರೆಸುವವನು. ಅಚ್ಚು ಸವೀತದೆ, ಅಷ್ಟು ಸಲ ಬಳಸಿದ ಮೇಲೆ ಗೆರೆ ಮಾಸಿ ಬಿಸಾಡಲೇಬೇಕು. ಆದ್ದರಿಂದ ಮೂಲ ಮಾದರಿ ಯಾರ ಕೈಯಲ್ಲಿದೆಯೋ ಕಾರ್ಖಾನೆಯ ಬುದ್ಧಿ ಅವರ ಕೈಯಲ್ಲಿ. ಕೊನೆಯ ಮೆಟ್ಟಿಲಲ್ಲಿ ಕೆರೆಯುವವನಿಗೆ ಸಿಗೋದು ದೂಳು. ಪ್ಲಾಸ್ಟರ್ ದೂಳಿಗಿಂತ ಕೆಟ್ಟದ್ದು ಪಿಂಗಾಣಿ ಮಣ್ಣಿನಲ್ಲಿರುವ ಸಿಲಿಕಾ ದೂಳು. ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ವಾಸಿಮಾಡುವ ಮದ್ದಿಲ್ಲ.

ವಾರಕ್ಕೆ 54 ಗಂಟೆ ದುಡಿತವನ್ನು 48ಕ್ಕೆ ಇಳಿಸಿದ 1946ರ ಕಾರ್ಖಾನೆ ತಿದ್ದುಪಡಿ ಬಂದದ್ದು ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಅಂದ್ರೆ ಅಂಥ ರೋಗಿಯನ್ನು ಕಂಡ ವೈದ್ಯ, ಕಾರ್ಖಾನೆಯ ಮ್ಯಾನೇಜರು ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ನಮ್ಮ ಜನರ ಚೀಟಿಯಲ್ಲಿ ಮಾತ್ರ ಟಿಬಿ ಅಂತ ಬರೆದು ಕಳಿಸೋದು ಇವತ್ತಿಗೂ ನಿಂತಿಲ್ಲ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಪಿಂಗಾಣಿ, ಹೆಂಚು, ಇನ್ಸುಲೇಟರ್ ಕಾರ್ಖಾನೆಗಳಲ್ಲಿ ದುಡಿದ ಹಿರಿಯರಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಮಾತಾಡಿಸಿ. ಯಾವ ಖಾತೆಯಲ್ಲಿದ್ರು, ಅಚ್ಚಿನ ಕೆಲಸ ಯಾರಿಗೆ ಕಲಿಸ್ತಿದ್ರು, ಕ್ಯಾಂಟೀನಿನಲ್ಲಿ ಯಾವ ಲೋಟದಲ್ಲಿ ಟೀ ಕೊಟ್ರು, ಕೆಮ್ಮು ಯಾವಾಗ ಶುರುವಾಯ್ತು ಅಂತ ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿ. ಹಳೇ ಎಕ್ಸ್‌ರೇ ಇದ್ದರೆ ಎಸೀಬೇಡಿ.